ಇಪ್ಪತ್ತೇಳನೇ ನಂಬರಿನ ಮಾಳಿಗೆ

ಸುಂಕಲಮ್ಮ ಮಣ್ಣನ್ನು ನಾಲಿಗೆಯ ಮೇಲಿಟ್ಟು ನೋಡುತ್ತಿದ್ದಳು. ಚಿತ್ತವಾಡ್ಗಿಯ ನಮ್ಮ ಮನೆಗೆ ಮಾಳಿಗೆ ಹಾಕಿಸಿದ ವರ್ಷ ನಾನು ಅದನ್ನು ಮೊದಲು ಕಂಡೆ. ನಮ್ಮ ಯಜಮಾನರು ಎರಡು ಬಂಡಿ ಮಣ್ಣು ತರಿಸಿ ಅಂಗಳದಲ್ಲಿ ಸುರಿಸಿದ್ದರು. ಅವಳು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು, ಉಗುಳಿದಳು. "ಇದು ಹೊಲದ ಮಣ್ಣು ಅಕ್ಕಾರ. ಜ್ವಾಳ ಬಿತ್ತಾಕ ಬರ್ತತಿ, ಮಾಳಿಗಿಗೆ ಬ್ಯಾಡ" ಎಂದಳು. ಯಜಮಾನರಿಗೆ ಸಿಟ್ಟು ಬಂತು, ಆದರೂ ಮಣ್ಣು ವಾಪಸ್ಸು ಹೋಯಿತು. ಆಮೇಲೆ ಅವಳೇ ತೋರಿಸಿದ ಕಡೆಯಿಂದ, ಸಂಡೂರು ರಸ್ತೆಯಲ್ಲಿರುವ ಅವಳ ಊರಿನ ಹಿಂದಿನ ಬಯಲಿನಿಂದ, ಬೇರೆ ಮಣ್ಣು ಬಂತು. ಮೇಲೆ ಬೆಳ್ಳಗೆ ಉಪ್ಪು ಹೂತಂಥ ಚೌಳು ಮಣ್ಣು. ಅದು ಇರುವ ನೆಲದಲ್ಲಿ ಹುಲ್ಲೂ ಬೆಳೆಯುವುದಿಲ್ಲ. ಮಾಳಿಗೆಯ ಮೇಲೆ ಹಾಸಿ ಬಡಿದರೆ ಮಾತ್ರ ಮಳೆಯ ನೀರು ಒಳಗೆ ಇಳಿಯದೆ ಮೇಲೆಯೇ ಹರಿದು ಅಂಚಿನ ಮರದ ದೋಣಿಯಿಂದ ಹೊರಗೆ ಬೀಳುತ್ತದೆ. ನಮ್ಮ ಮನೆ ಮೂವತ್ತು ವರ್ಷ ಸೋರಲಿಲ್ಲ.

ಅವಳು ಹುಟ್ಟಿದ್ದು ಕಂಪ್ಲಿ ಕಡೆ, ಹೊಳೆ ದಂಡೆಯ ಭತ್ತದ ಗದ್ದೆಗಳ ನಡುವೆ. ಅಲ್ಲಿ ಮಣ್ಣೆಂದರೆ ಮೊಣಕಾಲುದ್ದ ಕೆಸರು. ಹದಿನೈದು ತುಂಬುವ ಮೊದಲೇ ಮದುವೆಯಾಗಿ ಗುಡ್ಡದ ಬುಡದ ಊರಿಗೆ ಬಂದಳು. ಆ ಊರಿನ ಹೆಸರು ನಾನು ಬರೆಯುವುದಿಲ್ಲ, ಅಲ್ಲಿನ ಜನ ಇನ್ನೂ ಇದ್ದಾರೆ. ಗಂಡ ಪಾಲಪ್ಪ ತೊಲೆ, ಜಂತಿ ಕೂಡಿಸುವವನು. ಕಟ್ಟಿಗೆ ಗಂಡಸರದು, ಮಣ್ಣು ಹೆಂಗಸರದು ಎಂದು ಅವರ ಮನೆಯಲ್ಲಿ ಮೊದಲಿನಿಂದ ನಡೆದು ಬಂದಿತ್ತು. ಅತ್ತೆ ಒಂದು ವರ್ಷ ಸೊಸೆಯ ಕೈಗೆ ಮಣ್ಣು ಬಡಿಯುವ ಕೊಡತಿಯನ್ನೇ ಕೊಡಲಿಲ್ಲವಂತೆ. ಮಣ್ಣು ಹೊರಿಸಿದಳು, ತಿನ್ನಿಸಿದಳು, ಇದು ಯಾವ ಕಡೆಯದು ಹೇಳು ಎಂದು ಕೇಳಿದಳು. ತಪ್ಪು ಹೇಳಿದ ದಿನ ಊಟಕ್ಕೆ ಕರೆಯುತ್ತಿರಲಿಲ್ಲ. "ಬ್ಯಾರೆ ಸೊಸ್ತೇರು ಹೋಳಿಗಿ ತಿಂದ್ರು, ನಾ ಮಣ್ಣು ತಿಂದೆ" ಎಂದು ಸುಂಕಲಮ್ಮ ನಗುತ್ತಿದ್ದಳು. ಅತ್ತೆ ಸತ್ತ ಮೇಲೆ ಹೊಸಪೇಟೆಯಿಂದ ಸಂಡೂರಿನ ತನಕ ಅವಳು ಹಾಕಿದ ಮಾಳಿಗೆಗಳು ಎಷ್ಟೋ. ತನ್ನ ಮನೆಯ ಮಾಳಿಗೆಯನ್ನು ಮಗ ಹಂಪೇಶ ಹುಟ್ಟುವ ಮುಂಚೆ, ಬಸುರಿಯಿದ್ದಾಗಲೇ ಬಡಿದು ಮುಗಿಸಿದ್ದಳು.

ಆಮೇಲೆ ಸಿಮೆಂಟು ಬಂತು, ತಗಡು ಬಂತು. ಪಾಲಪ್ಪ ತೀರಿಕೊಂಡ. ಎರಡು ಸಾವಿರ ಇಸವಿ ದಾಟಿದ ಮೇಲೆ ಅದಿರಿಗೆ ಬೆಲೆ ಏರಿ ಗುಡ್ಡಗಳನ್ನು ರಾತ್ರಿ ಹಗಲು ಅಗೆಯತೊಡಗಿದರು. ಚೌಳು ಮಣ್ಣಿನ ಬಯಲನ್ನು ಯಾವುದೋ ಕಂಪನಿಯವರು ಹಿಡಿದು, ಸುತ್ತ ತಂತಿ ಹಾಕಿ, ಅದಿರಿನ ರಾಶಿ ಒಟ್ಟಿದರು. ಸುಂಕಲಮ್ಮ ಅದೇ ಬಯಲಿನಲ್ಲಿ ಸುತ್ತಿಗೆ ಹಿಡಿದು ಅದಿರು ಒಡೆಯುವ ಕೂಲಿಗೆ ಕೂತಳು. ಹಂಪೇಶ ಟಿಪ್ಪರ್ ಓಡಿಸತೊಡಗಿದ. ಮಣ್ಣಿನ ಮಾಳಿಗೆ ನೋಡಿದರೆ ಹೆಣ್ಣು ಕೊಡುವವರು ಬಾಗಿಲಲ್ಲೇ ತಿರುಗಿ ಹೋಗುತ್ತಾರೆ ಎಂದು ತಾಯಿಯನ್ನು ದಿನಾ ಕಾಡುತ್ತಿದ್ದ.

ಅಂಥ ಮನೆಗೆ ಸ್ಫೂರ್ತಿಯನ್ನು ಕರೆದುಕೊಂಡು ಹೋದವಳು ನಾನೇ.

ಸ್ಫೂರ್ತಿ ನನ್ನ ತಂಗಿಯ ಮೊಮ್ಮಗಳು. ಕಂಪ್ಲಿಯಲ್ಲಿ ಅವರದು ಅಕ್ಕಿ ಗಿರಣಿ. ಕಟ್ಟಡದ ವಿದ್ಯೆಯಲ್ಲಿ ಐದು ವರ್ಷ ಓದಿ, ಅದರ ಮೇಲಿನ ಎರಡು ವರ್ಷದ ಓದಿಗೆ ಸೇರಿದ್ದಳು. ಕೊನೆಗೆ ಒಂದು ಥೀಸಿಸ್ ಬರೆದು ಕೊಟ್ಟರೆ ಓದು ಮುಗಿಯುತ್ತದೆ. ಹಂಪಿ ಸುತ್ತಿನ ಹಳೆ ಮನೆಗಳ ಮೇಲೆ ಬರೆಯುತ್ತೇನೆಂದು ಬ್ಯಾಗು, ಟೇಪು, ಕ್ಯಾಮೆರಾ ಹಿಡಿದು ನಮ್ಮ ಮನೆಗೆ ಬಂದಳು. ಅದಿರಿನ ಲಾರಿಗಳ ದಾರಿಯಲ್ಲಿ ಹುಡುಗಿಯನ್ನು ಒಬ್ಬಳೇ ಕಳಿಸಬೇಡಿ ಎಂದು ಅವಳ ತಾಯಿ ಫೋನಿನಲ್ಲಿ ಹೇಳಿದಳು. ಹಾಗಾಗಿ ಟೇಪಿನ ಇನ್ನೊಂದು ತುದಿ ಹಿಡಿಯುವ ಕೆಲಸ ನನಗೆ ಬಂತು.

ಈ ಓದಿಗೆ ಒಂದು ಕ್ರಮವಿದೆ ಎಂದು ನನಗೆ ಗೊತ್ತಾದದ್ದು ಆಗಲೇ. ಮೊದಲ ತಿಂಗಳು ಅವಳು ಬರೆದುಕೊಂಡು ಹೋದದ್ದನ್ನೆಲ್ಲ ಅವಳ ಗೈಡ್ ಮೇಡಂ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದರು. ಹಳೆ ಮನೆಗಳು ಎಂಬುದು ವಿಷಯವಾಗುವುದಿಲ್ಲ, ನಿನ್ನ ಪ್ರಶ್ನೆ ಏನು ಎಂದು ಕೇಳಿದ್ದರಂತೆ. ಹುಡುಗಿ ನಾಲ್ಕು ದಿನ ಊಟ ಬಿಟ್ಟು ಕೂತು ಕೊನೆಗೆ ಪ್ರಶ್ನೆ ಕಂಡುಕೊಂಡಳು: ಈ ಸೀಮೆಯ ಮಣ್ಣಿನ ಮಾಳಿಗೆ ಯಾಕೆ ಸೋರುವುದಿಲ್ಲ? ಇಷ್ಟು ಸಣ್ಣ ಪ್ರಶ್ನೆಗೆ ಎರಡು ವರ್ಷವೇ ಎಂದು ನಾನು ನಕ್ಕೆ.

ಆದರೆ ಕೇಳುವುದು ಸುಲಭವಲ್ಲ. ಕಡ್ಡಿರಾಂಪುರದಲ್ಲಿ ಮೊದಲ ಸಲ ಅವಳು, "ಮಣ್ಣಿನ ಮನೆ ತಂಪಾಗಿರ್ತತಿ ಅಲ್ರಿ?" ಎಂದು ಕೇಳಿದಳು. ಹದಿನೆಂಟು ಮನೆಯವರೂ "ಹೌದ್ರಿ" ಎಂದರು. ಉತ್ತರವನ್ನು ನೀನೇ ಅವರ ಬಾಯಿಗೆ ಹಾಕಿದ್ದೀಯ, ಇದು ಲೆಕ್ಕಕ್ಕಿಲ್ಲ ಎಂದು ಮೇಡಂ ಅದನ್ನೂ ಹೊಡೆದರು. ಹಂಪಿ ಬಜಾರಿನಲ್ಲಿ ಬಾಳೆಹಣ್ಣು ಮಾರುವ ಈಶ್ವರ ಎಂಬವನು ತನ್ನ ಮನೆಯ ಒಳಗೋಡೆ ರಾಯರ ಕಾಲದ್ದೆಂದು ಅವಳಿಗೆ ಒಂದು ಗಂಟೆ ಹೇಳಿದ. ಅವಳು ಪುಟಗಟ್ಟಲೆ ಬರೆದುಕೊಂಡಳು. ನಾನು ಹಣ್ಣು ಕೊಳ್ಳುವಾಗ ಸುಮ್ಮನೆ ಗೋಡೆ ಚೆನ್ನಾಗಿದೆಯಲ್ಲಪ್ಪ ಎಂದೆ. "ಹ್ಞೂಂ ಅಮ್ಮ, ನಾ ಹುಟ್ಟಿದ ವರ್ಷ ನಮ್ಮಪ್ಪ ಕಟ್ಟಿದ್ದು" ಎಂದ. ಮನೆಗೆ ಬಂದು ಹೇಳಿದೆ. ಸ್ಫೂರ್ತಿ ಹಣೆ ಹಣೆ ಬಡಿದುಕೊಂಡಳು. ಅವತ್ತಿನಿಂದ ಒಂದೇ ಮಾತನ್ನು ಮೂವರಲ್ಲಿ ಕೇಳುವ ರೂಢಿ ಹಾಕಿಕೊಂಡಳು.

ನನ್ನಿಂದಲೂ ಒಂದು ತಪ್ಪಾಯಿತು. ಕಡ್ಡಿರಾಂಪುರದಲ್ಲೇ ಒಬ್ಬ ಮುದುಕಿ ಜಂತಿಗಳ ಮೇಲೆ ಏನು ಹಾಕುತ್ತಾರೆ ಎಂದು ನೆನಪಿಸಿಕೊಳ್ಳುತ್ತ ಕೂತಿದ್ದಳು. ಆ ಮೌನ ತಡೆಯಲಾರದೆ ನಾನು, ಬಂದರಿಕಿ ಸೊಪ್ಪು ಅಲ್ಲವೇ ಎಂದುಬಿಟ್ಟೆ. ಅವಳು ಹೌದೆಂದಳು. ರಿಕಾರ್ಡರಿನಲ್ಲಿ ನನ್ನ ದನಿ ಕೇಳಿ ಸ್ಫೂರ್ತಿಗೆ ಬೇಜಾರಾಯಿತು.

"ಅಜ್ಜಿ, ನಿಮಗ ಕೈ ಮುಗೀತೀನಿ. ನಡುವ ಬಾಯಿ ಹಾಕಬ್ಯಾಡ್ರಿ. ಜನ ಏನು ಅಂತಾರ, ಅಂದಂಗ ಇರಲಿ. ನಾವು ಒಂದು ಮಾತು ಆಡಿದ್ರ ಸಾಕು, ಅವರ ಮಾತು ಬದಲಾಗ್ತತಿ."

ನನಗೆ ಅದು ಸರಿ ಎನಿಸಿತು. ಆಮೇಲೆ ನಾನು ಟೇಪು ಹಿಡಿದು ತುಟಿ ಬಿಗಿದೇ ಕೂತೆ.

ಎರಡು ಸಾವಿರದ ಆರನೇ ಇಸವಿ, ಶಿವರಾತ್ರಿ ಕಳೆದಿತ್ತು. ಸುಂಕಲಮ್ಮನ ಊರಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ನಲವತ್ತೆರಡು ಉಳಿದಿದ್ದವು. ಎಲ್ಲವನ್ನೂ ಅಳೆಯಲು ದಿನ ಸಾಲದು, ಚೆಂದ ಕಂಡದ್ದನ್ನೇ ಆರಿಸಿಕೊಂಡರೆ ಅದು ಮೋಸ. ಅದಕ್ಕೆ ಸ್ಫೂರ್ತಿ ಊರ ಬಾಗಿಲಿಂದ ಹಿಡಿದು ಪ್ರತಿ ಮನೆಯ ಚೌಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ನಂಬರು ಬರೆದಳು. ಮೂರು ಮನೆಗೊಂದರಂತೆ ನಂಬರಿನ ಸುತ್ತ ಗುಂಡು ಸುತ್ತಿದಳು. ಗುಂಡು ಸುತ್ತಿದ ಹದಿನಾಲ್ಕು ಮನೆಗಳನ್ನು ಮಾತ್ರ ಅಳೆಯುವುದು. ಸುಂಕಲಮ್ಮನ ಮನೆ ಇಪ್ಪತ್ತೇಳಾಯಿತು, ಗುಂಡಿನೊಳಗೆ ಬಂತು. ತಾನು ಕೈಯಾರೆ ಆರಿಸದೆಯೇ ಅದು ಬಂತು ಎಂದು ಹುಡುಗಿಗೆ ಖುಷಿಯೋ ಖುಷಿ.

ನಾವು ಕಾಲೇಜಿನಿಂದ ಬಂದಿದ್ದೇವೆ, ಥೀಸಿಸ್ ಬರೆಯಲಿಕ್ಕೆ ಎಂದು ಅವಳು ಪ್ರತಿ ಮನೆಯಲ್ಲೂ ಮೊದಲೇ ಹೇಳುತ್ತಿದ್ದಳು. ಅದು ನಿಜ. ಆದರೆ ಆ ಊರಿಗೆ ಥೀಸಿಸ್ ಎಂದರೇನೆಂದು ಗೊತ್ತಿರಲಿಲ್ಲ. ಬಾಗಿಲಿಗೆ ನಂಬರು ಬರೆಯುವುದು ಎಂದರೇನೆಂದು ಚೆನ್ನಾಗಿ ಗೊತ್ತಿತ್ತು.

ಎರಡನೆಯ ದಿನದಿಂದಲೇ ನಮಗೆ ಸಿಕ್ಕ ಮರ್ಯಾದೆ ಬೇರೆಯಾಯಿತು. ಕುರ್ಚಿ ಹಾಕಿದರು, ಚಹಾ ಕೊಟ್ಟರು, ದೇವರ ಕೋಣೆಯನ್ನೂ ಅಳೆಯಲು ಬಿಟ್ಟರು. ಗೋಡೆಯಲ್ಲಿ ಎಲ್ಲಿ ಬಿರುಕಿದೆ ಎಂದು ತಾವೇ ತೋರಿಸಿದರು. ನಳದ ಹತ್ತಿರ ನಾನು ಮುಖ ತೊಳೆಯುತ್ತಿದ್ದಾಗ ಬಸಕ್ಕ ಎಂಬವಳು ಕೊಡ ಬದಿಗಿಟ್ಟು ನನ್ನ ಹತ್ತಿರ ಬಂದಳು.

"ಗುಂಡು ಹಾಕಿದ ಮನಿಗೆ ಮೊದ್ಲೇನ್ರಿ? ನಮ್ಮದು ಬರೇ ನಂಬರ್ ಐತಿ, ಗುಂಡು ಇಲ್ಲ. ಆ ಅವ್ವಗ ಒಂದು ಮಾತು ಹೇಳ್ರಿ."

ಇನ್ನೊಬ್ಬಳು ನಕ್ಕು, "ನಿನ್ನ ಮಾಳಿಗಿ ಗಟ್ಟಿ ಐತಲ್ಲ ಲೇ ಬಸಿ, ನಿನಗ್ಯಾಕ ಕೊಡ್ತಾರ? ಪಕ್ಕದ ಊರಾಗ ಬಿದ್ದ ಮಾಳಿಗಿಯವರಿಗೆ ಅಷ್ಟೇ ಬಂತು" ಎಂದಳು.

ನನಗೆ ಅರ್ಥವಾಯಿತು. ಹಿಂದಿನ ವರ್ಷ ಪಕ್ಕದ ಊರಲ್ಲಿ ಗಣಿಯ ಸಿಡಿತಕ್ಕೆ ಮನೆಗಳು ಬಿರುಕು ಬಿಟ್ಟು ಗಲಾಟೆಯಾಗಿತ್ತು. ಕಂಪನಿಯವರು ಟೇಪು ಹಿಡಿದು ಬಂದು, ಬಾಗಿಲಿಗೆ ನಂಬರು ಬರೆದು, ಮಾಳಿಗೆ ಬಿದ್ದವರಿಗೆ ಸಿಮೆಂಟಿನ ಮನೆ ಕಟ್ಟಿಸಿಕೊಟ್ಟಿದ್ದರು. ಇವರು ನಮ್ಮನ್ನೂ ಅದೇ ಜನ ಎಂದುಕೊಂಡಿದ್ದಾರೆ.

ನಾನು ಆಗಲೇ ಇಲ್ಲ ಎನ್ನಬಹುದಿತ್ತು. ನಾಲ್ಕು ಮಾತು ಸಾಕಾಗಿತ್ತು. "ನನಗೇನು ತಿಳೀತದವ್ವ, ಆ ಹುಡುಗಿಗೇ ಕೇಳ್ರಿ" ಎಂದೆ, ಸೆರಗಿನಿಂದ ಮುಖ ಒರೆಸಿಕೊಂಡೆ. ಅವರು ಅವಳನ್ನು ಕೇಳಲಿಲ್ಲ. ಓದಿದ ಹುಡುಗಿಯನ್ನು ನೇರ ಕೇಳಲು ಅವರಿಗೆ ಸಂಕೋಚ, ಅದಕ್ಕೇ ನನ್ನನ್ನು ಕೇಳಿದ್ದು. ಅದೂ ನನಗೆ ಗೊತ್ತಿತ್ತು.

ನಡುವೆ ಬಾಯಿ ಹಾಕಬೇಡಿ ಎಂದು ಹುಡುಗಿ ಹೇಳಿದ್ದಳಲ್ಲ ಎಂದು ಆಗ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅದು ಅರ್ಧ ಸತ್ಯ. ಅವಳು ಬಾಯಿ ಮುಚ್ಚಿಸಿದ್ದು ರಿಕಾರ್ಡರಿನ ಮುಂದೆ, ನಳದ ಹತ್ತಿರ ಅಲ್ಲ. ಬೇರೆ ಊರುಗಳಲ್ಲಿ ಬಿಸಿಲಲ್ಲಿ ನಿಲ್ಲಿಸಿ ಮಾತಾಡಿಸಿ ಕಳಿಸಿದವರಿದ್ದರು. ಇಲ್ಲಿ ಬಾಗಿಲು ತೆರೆದಿದ್ದವು, ಕೆಲಸ ಸಾಗುತ್ತಿತ್ತು, ತಿಂಗಳುಗಟ್ಟಲೆ ಅಳುಮೋರೆ ಹಾಕಿಕೊಂಡಿದ್ದ ಹುಡುಗಿ ಹಾಡು ಗುನುಗುತ್ತಿದ್ದಳು. ಅದನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ. ರಾತ್ರಿ ಮನೆಗೆ ಬಂದ ಮೇಲೂ ಅವಳಿಗೆ ಹೇಳಲಿಲ್ಲ.

ಸುಂಕಲಮ್ಮನ ಮನೆಯಲ್ಲಿ ಎರಡು ದಿನ ಕೂತೆವು. ಅವಳು ಮಾಳಿಗೆಯ ಒಂದೊಂದು ಪದರವನ್ನೂ ಬಾಯಲ್ಲೇ ಕಟ್ಟಿ ತೋರಿಸಿದಳು. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಸೀಳು ಕಟ್ಟಿಗೆ, ಬಂದರಿಕಿ ಸೊಪ್ಪು, ಕಲಸಿದ ಕೆಂಪು ಮಣ್ಣು, ಕೊನೆಗೆ ಒಣ ಚೌಳು. ಕೊಡತಿಯ ಸಪ್ಪಳ ಯಾವಾಗ ಬದಲಾಗುತ್ತದೆ, ಆಗ ಬಡಿಯುವುದನ್ನು ನಿಲ್ಲಿಸಬೇಕು ಎಂದು ನೆಲ ತಟ್ಟಿ ಹೇಳಿದಳು. ಈ ಮನೆ ನಿಮಗೆ ಹೇಗನಿಸುತ್ತದೆ ಎಂದು ಸ್ಫೂರ್ತಿ, ಕಲಿತ ಹಾಗೆ, ಉತ್ತರ ಬಾಯಿಗೆ ಹಾಕದೆ ಕೇಳಿದಳು. ಸುಂಕಲಮ್ಮ ಮಗನ ಮುಖ ನೋಡಿದಳು. ಆಮೇಲೆ, "ಹಳೇದಾತವ್ವ, ಇನ್ನೇನು ಬೀಳ್ತತಿ" ಎಂದಳು. ಬೀಳುವಂಥ ಮಾಳಿಗೆ ಅದಲ್ಲ ಎಂಬುದು ನನಗೂ ಗೊತ್ತು, ಅವಳಿಗೂ ಗೊತ್ತು. ಸ್ಫೂರ್ತಿ ಅವಳು ಅಂದ ಹಾಗೆಯೇ ಬರೆದುಕೊಂಡಳು.

ಹುಡುಗಿ ಕಾಲೇಜಿಗೆ ಹೋದಳು. ಮೇಡಂ ಅಳತೆಗಳನ್ನು ಮೆಚ್ಚಿದರು, ಒಂದು ತಕರಾರು ತೆಗೆದರು. ಮಾಳಿಗೆಯ ಒಳಗಿನ ಪದರಗಳು ಒಬ್ಬ ಮುದುಕಿಯ ಮಾತಿನಲ್ಲಿ ಮಾತ್ರ ಇವೆ, ಕಣ್ಣಿಂದ ನೋಡಿದ ಆಧಾರ ಎಲ್ಲಿ ಎಂದರು. ಇರುವ ಮನೆಯ ಮಾಳಿಗೆಯನ್ನು ಕೊರೆದು ನೋಡಲು ಯಾರು ಬಿಡುತ್ತಾರೆ? ಎಲ್ಲಾದರೂ ಪಾಳುಬಿದ್ದ ಮನೆ ಸಿಕ್ಕೀತೇನೋ ಎಂದು ಇಪ್ಪತ್ತು ದಿನದ ಮೇಲೆ ನಾವಿಬ್ಬರೂ ಮತ್ತೆ ಹೋದೆವು.

ಸುಂಕಲಮ್ಮನ ಮನೆಯ ಮುಂದೆ ಮಣ್ಣಿನ ಗುಡ್ಡೆ ಇತ್ತು. ಒಳಗೆ ಕಾಲಿಟ್ಟರೆ ನಡುಮನೆಯಲ್ಲಿ ಬಿಸಿಲು. ಅರ್ಧ ಮಾಳಿಗೆ ಇರಲಿಲ್ಲ. ಅವಳು ಮೊರದಲ್ಲಿ ಏನೋ ಹಸನು ಮಾಡುತ್ತ ಕೂತಿದ್ದವಳು ಎದ್ದು, "ಬರ್ರಿ ಅಕ್ಕಾರ, ಕುಂದ್ರಿ" ಎಂದು ನೆರಳಿದ್ದ ಕಡೆ ಚಾಪೆ ಹಾಕಿದಳು. ಮುಖದಲ್ಲಿ ಸಣ್ಣ ನಗು ಇತ್ತು.

"ಬಿದ್ದಂಗ ಕಾಣಬೇಕು ಅಂದ ಮಗ. ಕೆಡವಾಕ ಹಾರಿ ತಗೊಂಡು ಬಂದಿದ್ದ. ಅವನ ಕೈಗೆ ಕೊಡಾಕ ಮನಸ್ಸು ಬರಲಿಲ್ಲ. ನಾನಽ ಹತ್ತಿ ತಗದೆ. ಹಾಕಿದ್ದು ನಾನಲ್ಲೇನು. ಈಗ ಬರಕೊಳ್ಳವ್ವ ತಾಯಿ, ಇಪ್ಪತ್ತೇಳನೇ ನಂಬರ್ ಬಿದ್ದೈತಿ ಅಂತ."

ಸ್ಫೂರ್ತಿ ನನ್ನ ಕಡೆ ನೋಡಿದಳು. ಅವಳಿಗೆ ಏನೂ ತಿಳಿದಿರಲಿಲ್ಲ. ಹೇಳಬೇಕಾದವಳು ನಾನು. ಇದು ಮನೆ ಕೊಡುವ ಕೆಲಸವಲ್ಲ, ಈ ಹುಡುಗಿ ಯಾವ ಕಂಪನಿಯವಳೂ ಅಲ್ಲ, ಅವಳ ಓದಿಗೆ ಒಂದು ಪುಸ್ತಕ ಬರೆದು ಕೊಡಬೇಕು, ಅಷ್ಟೇ ಎಂದು ಹೇಳಿದೆ. ಸುಂಕಲಮ್ಮ ಬಾಗಿಲ ಚೌಕಟ್ಟಿನ ಕಡೆ ನೋಡಿದಳು.

"ಹಂಗಾರ ಗುಂಡು ಯಾಕ ಹಾಕಿದ್ರಿ?" ಎಂದಳು.

ಮೂರು ಮನೆಗೊಂದು ಎಂಬ ಲೆಕ್ಕವನ್ನು ಸ್ಫೂರ್ತಿ ವಿವರಿಸಲು ಹೋದಳು. ನಡುವೆಯೇ ನಿಲ್ಲಿಸಿ ಅತ್ತಳು. ಸುಂಕಲಮ್ಮನೇ ಎದ್ದು ಅವಳಿಗೆ ನೀರು ಕೊಟ್ಟಳು. ಹಂಪೇಶ ಹೊರಗಿನಿಂದ ಬಂದವನು ವಿಷಯ ತಿಳಿದು ಕೂಗಾಡಿದ. ಟೇಪು ಹಿಡಿದವರೆಲ್ಲ ಒಂದೇ, ಬಂದು ಅಳೆದು ಹೋಗುತ್ತೀರಿ ಎಂದ.

ಆ ಮೇಲೆ ನಡೆದದ್ದನ್ನು ಬರೆಯಲು ನನಗೆ ನಾಚಿಕೆ. ಸುಂಕಲಮ್ಮ ಮಾಳಿಗೆಯನ್ನು ಕೆಡವಿರಲಿಲ್ಲ, ಹಾಕಿದ ಕ್ರಮವನ್ನೇ ತಿರುಗಿಸಿ ಮೇಲಿನಿಂದ ಒಂದೊಂದೇ ಪದರ ಬಿಡಿಸಿದ್ದಳು. ಉಳಿದ ಅರ್ಧದ ಅಂಚು ಚಾಕುವಿನಿಂದ ಕೊಯ್ದ ಹಾಗೆ ನೆಟ್ಟಗಿತ್ತು. ಜಂತಿ, ಕಟ್ಟಿಗೆ, ಕೆಂಪು ಮಣ್ಣು, ಚೌಳು, ಎಲ್ಲ ಪದರಗಳೂ ಬಿಸಿಲಲ್ಲಿ ಕಾಣುತ್ತಿದ್ದವು. ಕಟ್ಟಿಗೆ ಮತ್ತು ಕೆಂಪು ಮಣ್ಣಿನ ನಡುವೆ ನೂಲಿನಷ್ಟು ಸಣ್ಣ ಕಪ್ಪು ಗೆರೆ. "ಅದಽ ಸೊಪ್ಪು. ಒಣಗಿ ಅಷ್ಟಾಗೈತಿ. ಹುಳ ಬರಗೊಡಂಗಿಲ್ಲ" ಎಂದು ಸುಂಕಲಮ್ಮ ಬೆರಳಿಟ್ಟು ತೋರಿಸಿದಳು. ಆಮೇಲೆ ಅವಳೇ, "ಅಳತಿ ತಗೋರಿ ಮತ್ತ. ಬಂದದ್ದು ಅದಕ್ಕಲ್ಲೇನು" ಎಂದಳು. ಸ್ಫೂರ್ತಿ ಕಣ್ಣೊರೆಸಿಕೊಂಡು ಏಣಿ ಹತ್ತಿದಳು. ನಾನು ಕೆಳಗೆ ನಿಂತು ಟೇಪಿನ ತುದಿ ಹಿಡಿದೆ.

ಮಳೆಗಾಲಕ್ಕೆ ಒಂದೂವರೆ ತಿಂಗಳಿತ್ತು. ಮಾಳಿಗೆಯನ್ನು ತಿರುಗಿ ಹಾಕಿಸಿಕೊಡುತ್ತೇವೆ ಎಂದು ಸ್ಫೂರ್ತಿಯೂ ಅವಳ ತಂದೆಯೂ ಹೊರಟರು. ಜಂತಿ ಇತ್ತು, ಕೆಂಪು ಮಣ್ಣಿತ್ತು, ಚೌಳು ಇರಲಿಲ್ಲ. ತೆಗೆದ ಹಳೆ ಚೌಳು ಅಂಗಳದಲ್ಲಿ ಬಿದ್ದು ಅದಿರಿನ ದೂಳಿನ ಜೊತೆ ಕಲೆತು ಕೆಂಪಾಗಿತ್ತು. ಬಯಲು ತಂತಿಯೊಳಗೆ ಸೇರಿತ್ತು. ಅಲ್ಲಿನ ಕಾವಲುಗಾರ ಒಂದು ಪುಟ್ಟಿ ಮಣ್ಣಿಗೂ ಬಿಡಲಿಲ್ಲ, ಬಿಟ್ಟಿದ್ದರೂ ಅದಿರು ಒಟ್ಟಿದ ನೆಲ ಅದು. ಸ್ಫೂರ್ತಿಯ ತಂದೆ ಕಂಪ್ಲಿ ಕಡೆಯ ಚೌಳು ನೆಲದಿಂದ ಒಂದು ಟ್ರ್ಯಾಕ್ಟರ್ ಮಣ್ಣು ಕಳಿಸಿದರು. ಸುಂಕಲಮ್ಮ ಒಂದು ಚಿಟಿಕೆ ನಾಲಿಗೆಗೆ ಹಚ್ಚಿ, ಇನ್ನೊಂದು ಚಿಟಿಕೆಯನ್ನು ಬೆರಳ ನಡುವೆ ತಿಕ್ಕಿ ನೋಡಿದಳು.

"ಉಪ್ಪು ಐತಿ. ಜಿಗಿ ಇಲ್ಲ" ಎಂದಳು. ಕಷ್ಟಪಟ್ಟು ತಂದವರ ಮನಸ್ಸು ನೋಯಿಸಬಾರದೆಂದು, ಆದರೂ ನೋಡೋಣ ಎಂದು ಹಾಕಿದಳು. ಅರವತ್ತು ದಾಟಿದ ಹೆಂಗಸು ಐದು ದಿನ ಮೇಲೆ ಕೂತು ಬಡಿದಳು. ಜೂನ್ ತಿಂಗಳ ಎರಡನೇ ಮಳೆಗೆ ಮಾಳಿಗೆ ನೀರು ಕುಡಿಯಿತು, ಮೂರನೆಯದಕ್ಕೆ ಒಂದು ಮೂಲೆ ಕುಸಿಯಿತು. ಹಂಪೇಶ ಉಳಿದದ್ದನ್ನೂ ಕಿತ್ತು ತಗಡು ಹೊದಿಸಿದ.

ಥೀಸಿಸ್ ಮುಂದಿನ ವರ್ಷ ಪಾಸಾಯಿತು. ಆ ಅಂಚಿನ ಚಿತ್ರವನ್ನು ನೋಡಿ, ಇಷ್ಟು ಶುದ್ಧವಾದ ಛೇದಚಿತ್ರ ಹೇಗೆ ಸಿಕ್ಕಿತು ಎಂದು ಪರೀಕ್ಷೆಗೆ ಬಂದವರು ಕೇಳಿದರಂತೆ. ಸ್ಫೂರ್ತಿ ನಡೆದದ್ದನ್ನು ನಡೆದ ಹಾಗೆ ಹದಿನೈದು ಪುಟ ಬರೆದಿದ್ದಳು. ಅದು ನಿನ್ನ ಪ್ರಶ್ನೆಗೆ ಸಂಬಂಧಿಸಿದ್ದಲ್ಲ ಎಂದು ಮೇಡಂ ತೆಗೆಸಿದರಂತೆ. ಈಗ ಅದರ ಬದಲಿಗೆ ಎರಡು ಸಾಲು ಇದೆ: ಅಧ್ಯಯನದ ಅವಧಿಯಲ್ಲಿ ಇಪ್ಪತ್ತೇಳನೇ ಮನೆಯ ಮಾಳಿಗೆಯನ್ನು ಮನೆಯವರು ತೆಗೆದರು, ಇದರಿಂದ ಪದರಗಳ ಪರಿಶೀಲನೆ ಸಾಧ್ಯವಾಯಿತು. ಸ್ಫೂರ್ತಿ ಆ ಪುಟವನ್ನು ನನಗೆ ಓದಿ ಹೇಳಿ ಪುಸ್ತಕ ಮುಚ್ಚಿದಳು. ತಪ್ಪು ತನ್ನದು, ಸೀಮೆಸುಣ್ಣ ಹಿಡಿದವಳು ತಾನು ಎಂದು ಅವಳು ಇವತ್ತಿಗೂ ಹೇಳುತ್ತಾಳೆ. ನಳದ ಹತ್ತಿರ ನನ್ನ ಕಿವಿಗೆ ಬಿದ್ದದ್ದನ್ನು ನಾನು ಅವಳಿಗೆ ಇನ್ನೂ ಹೇಳಿಲ್ಲ.

ಸುಂಕಲಮ್ಮನಿಗೆ ಹೇಳಿದೆ. ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಒಬ್ಬಳೇ ಬಸ್ಸು ಹತ್ತಿ ಹೋದೆ. ಮಧ್ಯಾಹ್ನ ತಗಡಿನ ಕೆಳಗೆ ಕೂರಲು ಆಗದೆ ಅವಳು ಹಿಂದಿನ ಗೋಡೆಯ ನೆರಳಲ್ಲಿದ್ದಳು. ಬಸಕ್ಕ ಕೇಳಿದ್ದು, ನಾನು ಏನೂ ಗೊತ್ತಿಲ್ಲದವಳ ಹಾಗೆ ಮುಖ ಒರೆಸಿಕೊಂಡದ್ದು, ಎಲ್ಲ ಹೇಳಿದೆ. ಅವಳು ನನ್ನ ಮುಖ ನೋಡದೆ ಕೇಳಿಸಿಕೊಂಡಳು.

"ನೀವು ಅವತ್ತು ಹೇಳಿದ್ರೂ ನಾವು ನಂಬ್ತಿದ್ದಿಲ್ಲ ಬಿಡ್ರಿ ಅಕ್ಕಾರ" ಎಂದಳು. ಮತ್ತೆ ತಾನೇ, "ಹಂಪೇಶ ನಂಬ್ತಿದ್ದಿಲ್ಲ. ನಾ ನಂಬ್ತಿದ್ದೆ" ಎಂದಳು.

ಊಟ ಮಾಡಿಕೊಂಡು ಹೋಗಿರಿ, ರೊಟ್ಟಿ ಇದೆ ಎಂದು ಅವಳು ಎದ್ದಳು. ತಗಡಿನ ಕೆಳಗಿನ ಒಲೆಯ ಹತ್ತಿರ ಹೋದವಳು ಬೇಗನೆ ಹೊರಗೆ ಬಂದು, ಸೆರಗಿನಿಂದ ಗಾಳಿ ಹಾಕಿಕೊಂಡು, ಮತ್ತೆ ಒಳಗೆ ಹೋದಳು.